ಶೀನಣ್ಣನವರ ಸಮುದ್ರಯಾನ

ಚಾಮರಾಜಪೇಟೆ
6 ಜುಲೈ 2025

ಪೂಜ್ಯ ಆಂಡಾಳತ್ತೆಯವರ ಪಾದಗಳಿಗೆ,

ಸಂಕರ್ಷಣನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಮಂಡಿಚಿಪ್ಪು ಒಪ್ಪದ ಕಾರಣ ಸದರಿ ಸಾಷ್ಟಾಂಗವನ್ನು ಕುರ್ಚಿಯ ಮೇಲೆ ಕೂತೇ ಮಾಡಿದ್ದೇನೆ. ತಾವು ಮಲಗಿ ಮಾಡಿದ್ದೆಂದೇ ಭಾವಿಸಿ ಸ್ವೀಕರಿಸಬೇಕು.

ಚಾಮರಾಜಪೇಟೆಯಿಂದ ಮಲ್ಲೇಶ್ವರಕ್ಕೆ ಈ ಕಾಲದಲ್ಲಿ ಯಾರಾದರೂ ಕಾಗದ ಬರೆಯುತ್ತಾರೆಯೇ ಎಂದು ನನ್ನ ಹೆಂಡತಿ ಇಂಚರಾ ನಗುತ್ತಿದ್ದಾಳೆ. ಏನು ಮಾಡಲಿ? ಫೋನ್ ಮಾಡಿದರೆ ನಿಮ್ಮ ಕಿವಿಯ ಯಂತ್ರ ಗೂಡ್ಸ್ ರೈಲಿನ ಹಾಗೆ ಸಿಳ್ಳೆ ಹಾಕುತ್ತದೆ. ಎದುರಿಗೆ ಬಂದರೆ ನಿಪ್ಪಟ್ಟು ತಿಂದು, ಬಂದ ವಿಷಯ ಮರೆತು, ಖಾಲಿ ಡಬ್ಬಿ ಹಿಡಿದುಕೊಂಡು ಹೊರಡುತ್ತೇನೆ. "ಏನಿದ್ರೂ ಬರೆದು ಕಳಿಸು" ಎಂದು ಹೋದ ಸಲ ನೀವೇ ಅಪ್ಪಣೆ ಕೊಡಿಸಿದ್ದಿರಿ.

ವಿಷಯ ಏನೆಂದರೆ, ನಮ್ಮ ವಂಶಕ್ಕೆ ಸಲ್ಲಬೇಕಾದ ಗೌರವ ಕೊನೆಗೂ ಸಲ್ಲುವ ಹಂತಕ್ಕೆ ಬಂದಿದೆ. ನಮ್ಮ ನೆರೆಹೊರೆಯವರೇ ಸೇರಿ ನಡೆಸುವ ವಾಚನಾಲಯ ನಿಮಗೆ ಗೊತ್ತಲ್ಲ, ಬಡಾವಣೆಯ ನಿವೃತ್ತರೆಲ್ಲ ಫ್ಯಾನಿನ ಕೆಳಗೆ ಪತ್ರಿಕೆ ಹೊದ್ದು ನಿದ್ದೆ ಮಾಡುತ್ತಿದ್ದ ಜಾಗ. ಅಲ್ಲಿಗೆ ಮಹಾನಂದ ಎಂಬ ಹೊಸ ಗ್ರಂಥಪಾಲಕಿ ಬಂದಿದ್ದಾರೆ, ವಿಜಯಪುರದ ಕಡೆಯವರು. ಬಂದವರೇ ಮಲಗಿದ್ದವರನ್ನೆಲ್ಲ ಎಬ್ಬಿಸಿ ಕೆಲಸಕ್ಕೆ ಹಚ್ಚಿದ್ದಾರೆ. ಸೆಪ್ಟೆಂಬರ್ 14ಕ್ಕೆ "ಯುದ್ಧಕಾಲದಲ್ಲಿ ನಮ್ಮ ಬೀದಿಗಳು" ಎಂಬ ಪ್ರದರ್ಶನ. ಎರಡನೇ ಮಹಾಯುದ್ಧದ ಕಾಲದ ಬೈಂಡು ಹಾಕಿದ ಪತ್ರಿಕೆಗಳು, ನಕ್ಷೆಗಳು, ಮನೆಮನೆಯಿಂದ ತಂದ ಫೋಟೋಗಳು, ಹಿರಿಯರ ಮಾತಿನ ರೆಕಾರ್ಡಿಂಗು. ಅದರಲ್ಲಿ ಒಂದು ಇಡೀ ಮೂಲೆ ನಮ್ಮ ತಾತನಿಗೆ, ಅಂದರೆ ತಮ್ಮ ತೀರ್ಥರೂಪರಾದ ಶೀನಣ್ಣನವರಿಗೆ ಮೀಸಲು.

ವಾಚನಾಲಯದ ಸಭೆಯಲ್ಲಿ ತಾತನ ಚರಿತ್ರೆಯನ್ನು ನಾನು ಎದ್ದು ನಿಂತು ಹೇಳಿದೆ. 1941ರಲ್ಲಿ ಸೈನ್ಯದ ಉಗ್ರಾಣದ ಗುಮಾಸ್ತರಾಗಿ ಸೇರಿದ್ದು. ಬಸವನಗುಡಿಯ ಅರ್ಧ ಜನ ಸಿಟಿ ಸ್ಟೇಷನ್ನಿಗೆ ಹೋಗಿ, ಕತ್ತು ಕಾಣದಷ್ಟು ಹಾರ ಹಾಕಿ, ವಾಲಗ ಊದಿಸಿ ಆಫ್ರಿಕಾಕ್ಕೆ ಕಳಿಸಿದ್ದು. ಎಲ್ಲಿದ್ದೇನೆಂದು ಬರೆಯಲು ಸೈನ್ಯದ ಅಪ್ಪಣೆ ಇಲ್ಲವಾದ್ದರಿಂದ ಐದು ವರ್ಷವೂ ಬರೀ "ಕ್ಷೇಮ" ಎಂದು ಬರೆದದ್ದು. 1946ರಲ್ಲಿ ಹಿಂತಿರುಗಿದಾಗ, ಸಮುದ್ರ ದಾಟಿದ ದೋಷಕ್ಕೆ ಮುತ್ತಾತ ಅವರನ್ನು ಹೊಸ್ತಿಲ ಹೊರಗೇ ನಿಲ್ಲಿಸಿ, ಪಂಚಗವ್ಯ ಕುಡಿಸಿ, ಭುಜಕ್ಕೆ ಶಂಖ ಚಕ್ರದ ಮುದ್ರೆಯನ್ನು ಮತ್ತೊಮ್ಮೆ ಕಾಯಿಸಿ ಒತ್ತಿಸಿ ಆಮೇಲೆ ಒಳಗೆ ಬಿಟ್ಟುಕೊಂಡದ್ದು. ಅಕ್ಕಿ ಅಳೆಯುವಾಗ ತಾತ "ಊನೋ, ದೂಏ, ತ್ರೇ" ಎಂದು ಆಫ್ರಿಕಾದಲ್ಲಿ ಶತ್ರುಗಳಾಗಿದ್ದ ಇಟಲಿಯವರ ಭಾಷೆಯಲ್ಲೇ ಎಣಿಸುತ್ತಿದ್ದುದನ್ನು ಅಭಿನಯಿಸಿಯೇ ತೋರಿಸಿದೆ. ಇಬ್ಬರು ಚಪ್ಪಾಳೆ ತಟ್ಟಿದರು. ಮೂರನೆಯವರು ಎಚ್ಚರವಾದರು.

ದೀಪ ಹಚ್ಚುವವರು ನೀವೇ ಎಂದು ಸಭೆ ತೀರ್ಮಾನಿಸಿದೆ. ತಾತನ ಸಮವಸ್ತ್ರದ ಫೋಟೋ ಕಳಿಸಿ. ಬೇರೇನಾದರೂ ನೆನಪಿದ್ದರೆ ಬರೆಯಿರಿ. ಅತಿಶಯೋಕ್ತಿ ನಡೆಯುತ್ತದೆ.

ಇತಿ ನಿಮ್ಮ ಆಜ್ಞಾಧಾರಕ,
ಸಂಕರ್ಷಣ


ಮಲ್ಲೇಶ್ವರ
13 ಜುಲೈ 2025

ಚಿ. ಸಂಕರ್ಷಣನಿಗೆ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಮೂರು ಪುಟದಲ್ಲಿ ವಿಷಯ ಅರ್ಧ ಪುಟ. ನಿಮ್ಮಪ್ಪನೂ ಹೀಗೇ. ನನ್ನ ತಮ್ಮ ಅಂತ ಹೇಳುತ್ತಿಲ್ಲ, ಒಗ್ಗರಣೆಗೆ ಎಣ್ಣೆ ಕಾಯಿಸಿ ಸಾರು ಇಡೋದೇ ಮರೆಯುವ ಜಾತಿ.

ಅಪ್ಪನ ಫೋಟೋ ನನ್ನ ಮೊಮ್ಮಗಳು ಮೈತ್ರೇಯಿಯ ಕೈಲಿ ಕಳಿಸಿದ್ದೇನೆ. ಗಾಜಿಗೆ ಒದ್ದೆ ಬಟ್ಟೆ ಹಾಕಬೇಡ.

ದೀಪ ಹಚ್ಚುವುದಕ್ಕೆ ಒಂದು ಷರತ್ತು. ಯುದ್ಧದ ನಡುವೆ ಅಪ್ಪ ಒಂದು ಸಲ ರಜೆಯ ಮೇಲೆ ಬಂದಿದ್ದರು ಎಂದು ಅಮ್ಮ ಹೇಳುತ್ತಿದ್ದಳು. ನಲವತ್ತೆರಡರಲ್ಲಿ. ಆಗ ಅಮ್ಮ ಇಲ್ಲಿ ಮಲ್ಲೇಶ್ವರದಲ್ಲಿ ತವರಿನಲ್ಲಿದ್ದಳು. ಸಮುದ್ರ ದಾಟಿದ ಮೈ, ಶುದ್ಧಿಯಾಗದೆ ಹಿರಿಯರ ಮನೆ ಮೆಟ್ಟುವಂತಿಲ್ಲ ಎಂದು ಅಪ್ಪ ಬಸವನಗುಡಿಗೆ ಹೋಗಲೇ ಇಲ್ಲವಂತೆ. ಹೆಂಡತಿಯನ್ನು ನೋಡಿ ಹಾಗೇ ರೈಲು ಹತ್ತಿದರಂತೆ. ಕಂಡವರು ಅಮ್ಮ ಮತ್ತು ಅಮ್ಮನ ತಾಯಿ, ಇಬ್ಬರೇ.

ನಾನು ಹುಟ್ಟಿದ್ದು ನಲವತ್ತಮೂರರ ಯುಗಾದಿಯ ಆಸುಪಾಸು.

ಆ ರಜೆಯ ಮಾತು ಬಂದಾಗಲೆಲ್ಲ ಅಪ್ಪನ ಅಕ್ಕ ಅಲಮೇಲು ನನ್ನ ಮುಖ ನೋಡುತ್ತ ಒಂದೊಂದೇ ಬೆರಳು ಮಡಚುತ್ತಿದ್ದರು. ನನಗೆ ಲೆಕ್ಕ ಕಲಿಸುತ್ತಿದ್ದಾರೆ ಎಂದು ಆರೇಳು ವಯಸ್ಸಿನವರೆಗೂ ತಿಳಿದುಕೊಂಡಿದ್ದೆ.

ನಿನ್ನ ವಾಚನಾಲಯದ ಪತ್ರಿಕೆ, ಪುಸ್ತಕ, ಎಲ್ಲಾದರೂ ಆ ರಜೆ ಸಿಗುತ್ತದೆಯೋ ನೋಡು. ಅಪ್ಪನ ಶೌರ್ಯ ಬೇಡ, ಇಟಲಿ ಎಣಿಕೆ ಬೇಡ. ರಜೆ ಸಿಕ್ಕರೆ ಬರುತ್ತೇನೆ.

ಇತಿ ನಿನ್ನ ಅತ್ತೆ,
ಆಂಡಾಳ್


ಚಾಮರಾಜಪೇಟೆ
25 ಜುಲೈ 2025

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ರಜೆಯ ಬೇಟೆಯಲ್ಲಿ ಈ ಬಡಪಾಯಿ ಪಟ್ಟ ಪಾಡನ್ನು ಕೇಳಬೇಕು. 1942ರ ಪತ್ರಿಕೆಗಳ ಸಂಪುಟ ತೆಗೆದರೆ ಮೊದಲು ಧೂಳು, ಆಮೇಲೆ ಸೀನು, ಆಮೇಲೆ ಯುದ್ಧ. ಸೀಮೆಎಣ್ಣೆ ಸಿಗುತ್ತಿಲ್ಲ ಎಂಬ ದೂರು ಓದಿದೆ. ರಾತ್ರಿ ದೀಪ ಆರಿಸಬೇಕೆಂಬ ಅಪ್ಪಣೆ ಓದಿದೆ. ಕೂದಲು ಉದುರುವುದಕ್ಕೆ ರಾಮಬಾಣವಾದ ಒಂದು ತೈಲದ ಜಾಹೀರಾತನ್ನು ಎರಡು ಸಲ ಓದಿದೆ. ನಮ್ಮ ತಾತ ಎಲ್ಲೂ ಇಲ್ಲ.

"ಸರ, ನೀವು ಓದೋದು ಕಡಿಮಿ, ನಿಟ್ಟುಸಿರು ಬಿಡೋದು ಜಾಸ್ತಿ ಆತು," ಎಂದು ಮಹಾನಂದ ನನ್ನನ್ನು ಸುಬೇದಾರ್ ನರಸಿಂಹಯ್ಯನವರ ಮೇಜಿಗೆ ವರ್ಗ ಮಾಡಿದರು. ನಿವೃತ್ತ ಸುಬೇದಾರರು. ಅವರ ತಂದೆ ನಿಜವಾಗಿಯೂ ಆಫ್ರಿಕಾದ ಮರಳಿನಲ್ಲಿದ್ದವರು. ವಾಚನಾಲಯದಲ್ಲಿರುವ ಯುದ್ಧದ ಪುಸ್ತಕಗಳನ್ನೆಲ್ಲ ಅವರೊಬ್ಬರೇ ಓದಿ ಮುಗಿಸಿದ್ದಾರೆ.

"ಸ್ವಾಮಿ, ಆಫ್ರಿಕಾದಲ್ಲಿದ್ದವರಿಗೆ ನಲವತ್ತೆರಡರಲ್ಲಿ ಊರಿಗೆ ಬರೋಕೆ ರಜೆ ಕೊಡ್ತಿದ್ರಾ?" ಎಂದೆ.

"ಯಾಕೆ, ಹಡಗು ಅಂದ್ರೆ ಸಿಟಿ ಬಸ್ಸು ಅನ್ಕೊಂಡ್ರಾ? ಸೀಸನ್ ಪಾಸ್ ತಗೊಂಡು ಹೋಗಿ ಬರೋಕೆ?"

"ಒಂದೇ ಸಲ."

"ಸಮುದ್ರದ ತುಂಬ ಶತ್ರುಗಳು. ಗುಮಾಸ್ತನ ಹೆಂಡತಿ ನೆನೆಸ್ಕೊಂಡ್ಲು ಅಂತ ಹಡಗು ಬಿಡ್ತಾರೇನ್ರಿ? ನಮ್ಮಪ್ಪ ಹೋದೋರು ಮುಗಿದ ಮೇಲೇ ಬಂದಿದ್ದು. ನಮ್ಮಜ್ಜಿ ತೀರ್ಕೊಂಡಾಗ್ಲೂ ಬರ್ಲಿಲ್ಲ."

ಹಾಗಾಗಿ ಅತ್ತೆ, ತಾವು ಹೇಳಿದ ರಜೆ ಹೆಚ್ಚುಕಮ್ಮಿ ಅಸಾಧ್ಯವೆಂದು ಪಂಡಿತರ ತೀರ್ಪಾಗಿದೆ. ಅಜ್ಜಿ ಕಟ್ಟಿದ ಕಥೆ ಇರಬೇಕು, ಬಿಡಿ. ಗಂಡ ದೂರದಲ್ಲಿದ್ದಾಗ ಹೆಂಗಸರು ಅಷ್ಟು ಕಲ್ಪಿಸಿಕೊಳ್ಳದಿದ್ದರೆ ದಿನ ಹೋಗುವುದು ಹೇಗೆ? ಫಲಕದಲ್ಲಿ ಆ ಸಾಲು ಬಿಟ್ಟುಬಿಡುತ್ತೇನೆ. "1941 ರಿಂದ 1946ರವರೆಗೆ ಒಮ್ಮೆಯೂ ತಾಯ್ನಾಡಿಗೆ ಮರಳದೆ ಹೋರಾಡಿದರು" ಎಂದು ಹಾಕಿದರೆ ಇನ್ನೂ ಗಂಭೀರವಾಗಿ ಕೇಳಿಸುತ್ತದೆ. ಏನಂತೀರಿ?

ಇತಿ ನಿಮ್ಮ ಸಂಶೋಧಕ,
ಸಂಕರ್ಷಣ


ಮಲ್ಲೇಶ್ವರ
30 ಜುಲೈ 2025

ಸಂಕರ್ಷಣ,

ನಾನು ಬರುವುದಿಲ್ಲ. ಅಪ್ಪನ ಫೋಟೋ ವಾಪಸು ಕಳಿಸು. ಆ ಫಲಕ ಬರೆಸಬೇಡ.

ಆಂಡಾಳ್


ಚಾಮರಾಜಪೇಟೆ
4 ಆಗಸ್ಟ್ 2025

ಪೂಜ್ಯ ಅತ್ತೆಯವರ ಪಾದಗಳಿಗೆ,

ನಿಮ್ಮ ಕಾಗದ ಓದಿ ದಿಗ್ಭ್ರಮೆಯಾಯಿತು. ಆಶೀರ್ವಾದ ಇಲ್ಲ, "ಚಿ." ಇಲ್ಲ. ಐವತ್ತು ವರ್ಷದಲ್ಲಿ ಮೊದಲ ಬಾರಿಗೆ ನಾನು ಚಿರಂಜೀವಿಯಾಗಿ ಉಳಿದಿಲ್ಲ.

ಏನು ತಪ್ಪಾಯಿತೆಂದು ಮನೆಯಲ್ಲಿ ವಿಚಾರಣೆ ನಡೆಯಿತು. ಎರಡು ಮಹಡಿ ಇಳಿದು ಹತ್ತುವುದು ಕಷ್ಟವಾದರೆ ಹುಡುಗರನ್ನು ಕರೆದು ಕುರ್ಚಿಯಲ್ಲಿ ಎತ್ತಿ ತರಿಸುತ್ತೇನೆ. ಸುಬೇದಾರರ ಮಾತಿಗೆ ಬೇಸರವಾದರೆ ಅವರನ್ನು ಪ್ರದರ್ಶನದ ದಿನ ಬಾಗಿಲಾಚೆ ಕಾವಲಿಗೆ ನಿಲ್ಲಿಸುತ್ತೇನೆ. "ಹೆಂಗಸರು ಕಲ್ಪಿಸಿಕೊಳ್ಳುತ್ತಾರೆ ಅಂತ ಬರೆದಿದ್ದೀರಲ್ಲ, ಅದಕ್ಕೇ ಇರಬೇಕು, ನಾನಾಗಿದ್ದರೆ ಕಾಗದವನ್ನೇ ಒಲೆಗೆ ಹಾಕ್ತಿದ್ದೆ," ಎಂದಳು ಇಂಚರಾ. ಹಾಗಿದ್ದರೆ ಕ್ಷಮೆಯಿರಲಿ. ರಜೆಯ ಸಾಲನ್ನು ಫಲಕದಲ್ಲಿ ಸೇರಿಸಿಯೇ ಸೇರಿಸುತ್ತೇನೆ, ಸುಬೇದಾರರು ಏನಾದರೂ ಅಂದುಕೊಳ್ಳಲಿ.

ಒಂದು ಸಾಲು ಬರೆಯಿರಿ ಅತ್ತೆ.

ಸಂಕರ್ಷಣ


ಚಾಮರಾಜಪೇಟೆ
16 ಆಗಸ್ಟ್ 2025

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ನೀವು ಉತ್ತರ ಬರೆಯಲಿಲ್ಲ. ತಾತನ ಫೋಟೋ ಮೈತ್ರೇಯಿಯ ಕೈಲಿ ಕಳಿಸಿದ್ದೇನೆ. ಯೋಚನೆ ಮಾಡಿ ನೋಡಿದರೆ ನೀವು ಹೇಳಿದ್ದೇ ಸರಿ. ತಾತನ ಮೂಲೆ ಬೇಡವೆಂದು ಮಹಾನಂದ ಅವರಿಗೆ ತಿಳಿಸಿದ್ದೇನೆ. ಆ ಜಾಗದಲ್ಲಿ ಆ ಕಾಲದ ರೇಷನ್ ಪದ್ಧತಿಯ ಬಗ್ಗೆ ಏನಾದರೂ ಇಡುತ್ತಾರೆ.

ಹಳೆಯ ವಿಷಯಗಳನ್ನು ಕೆದಕದಿರುವುದೇ ಒಳ್ಳೆಯದು. ಆರೋಗ್ಯ ನೋಡಿಕೊಳ್ಳಿ.

ಸಂಕರ್ಷಣ


ಮಲ್ಲೇಶ್ವರ
20 ಆಗಸ್ಟ್ 2025

ಚಿ. ಸಂಕರ್ಷಣನಿಗೆ,

ಹದಿನಾರನೇ ತಾರೀಕಿನ ನಿನ್ನ ಕಾಗದದಲ್ಲಿ ಒಂದೂ ತಮಾಷೆಯಿಲ್ಲ. ನಿನಗೆ ಏನೋ ಸಿಕ್ಕಿದೆ.

ಏನು ಸಿಕ್ಕಿರಬಹುದೆಂದು ನನಗೆ ಗೊತ್ತು. ನೀನು ಮುದುಕಿಗೆ ಪೆಟ್ಟಾಗದಿರಲಿ ಎಂದು ರೇಷನ್ ಸಕ್ಕರೆಯ ಹಿಂದೆ ಅಡಗಿಸುತ್ತಿದ್ದೀಯ. ಬೇಡ. ನಾನೇ ಹೇಳಿಬಿಡುತ್ತೇನೆ, ನಿನಗೆ ಬರೆಯುವ ಕಷ್ಟ ತಪ್ಪಲಿ.

ಅಪ್ಪ ಹೊರಟದ್ದು ನಲವತ್ತೊಂದು. ವಾಪಸು ಬಂದದ್ದು ನಲವತ್ತಾರು. ನಡುವೆ ನಾನು ಹುಟ್ಟಿದೆ. ಆ ರಜೆ ಇದ್ದರೆ ನಾನು ಶೀನಣ್ಣನ ಮಗಳು. ಇಲ್ಲದಿದ್ದರೆ ಯಾರ ಮಗಳೋ ನನಗೆ ಗೊತ್ತಿಲ್ಲ. ಅಲಮೇಲು ಬೆರಳು ಮಡಚುತ್ತಿದ್ದುದು ಯಾವ ಲೆಕ್ಕಕ್ಕೆ ಎಂದು ನನಗೆ ತಿಳಿದದ್ದು ನನ್ನ ಮದುವೆಯ ಮಾತುಕತೆಯ ಹೊತ್ತಿಗೆ. ಬಂದ ಸಂಬಂಧವೊಂದು ಕಾಫಿ ಕುಡಿದು ಎದ್ದುಹೋಯಿತು. ಹೊರಗೆ ಚಪ್ಪಲಿ ಮೆಟ್ಟುವಾಗ ಹುಡುಗನ ತಾಯಿ "ಹುಡುಗಿ ಲಕ್ಷಣವಾಗಿದಾಳೆ, ಆದ್ರೆ ಯಾರ ಲಕ್ಷಣ ಅಂತ" ಎಂದದ್ದು ಕಿಟಕಿಯಿಂದ ಕೇಳಿಸಿತು. ಆಗ ನನ್ನ ಕಿವಿ ಚೆನ್ನಾಗಿತ್ತು.

ಅಮ್ಮನನ್ನು ನಾನು ಕೇಳಲಿಲ್ಲ. ಕೇಳಿದರೆ ನಾನೂ ಬೆರಳು ಮಡಚಿದ ಹಾಗೆ. ಅಪ್ಪ ನನ್ನನ್ನು ಒಂದು ದಿನವೂ ಬೇರೆಯಾಗಿ ನೋಡಲಿಲ್ಲ, ಅದೇ ನನಗೆ ಇನ್ನೂ ಭಯ. ದೊಡ್ಡ ಮನಸ್ಸು ಮಾಡಿ ಸಾಕಿದರೇನೋ ಎಂದು. ಅವರು ತೀರಿಕೊಂಡಾಗ ಎಲ್ಲರೂ ಮೈಮೇಲೆ ಬಿದ್ದು ಅತ್ತರು. ನಾನು ಬಾಗಿಲ ಹತ್ತಿರ ಕೂತಿದ್ದೆ. ಅಳುವುದಕ್ಕೆ ನನಗೆ ಹಕ್ಕಿದೆಯೋ ಇಲ್ಲವೋ ಗೊತ್ತಾಗಲಿಲ್ಲ. ನೀನು ಚಿಕ್ಕವನು, ನನ್ನ ತೊಡೆಯ ಮೇಲೇ ನಿದ್ದೆ ಮಾಡಿದ್ದೆ.

ನನಗೆ ಎಂಬತ್ತೆರಡು. ಇನ್ನು ಯಾವ ಸಂಬಂಧವೂ ಎದ್ದುಹೋಗುವುದಿಲ್ಲ. ಸಿಕ್ಕಿದ್ದೇನೆಂದು ಬರೆ.

ಆಂಡಾಳ್


ಚಾಮರಾಜಪೇಟೆ
25 ಆಗಸ್ಟ್ 2025

ಪೂಜ್ಯ ಅತ್ತೆ,

ನಿಮ್ಮ ಕಾಗದವನ್ನು ವಾಚನಾಲಯದ ಮೆಟ್ಟಿಲ ಮೇಲೆ ನಿಂತು ಒಡೆದೆ, ಕೂತು ಮುಗಿಸಿದೆ. "ಅಜ್ಜಿ ಕಟ್ಟಿದ ಕಥೆ ಇರಬೇಕು, ಬಿಡಿ" ಎಂದು ನಿಮಗೆ ಬರೆದ ಮಹಾನುಭಾವ ನಾನೇ ತಾನೆ? ಆ ಮಾತು ನಿಮಗೆ ಏನು ಹೇಳಿತೆಂದು ಈಗ ಗೊತ್ತಾಯಿತು.

ಮೊದಲು ಒಂದು ಮಾತು. ನನಗೆ ಸಿಕ್ಕಿದ್ದು ನೀವು ಅಂದುಕೊಂಡದ್ದಲ್ಲ. ನಾನು ಅಡಗಿಸಿದ್ದು ಬೇರೆ. ಕ್ರಮವಾಗಿ ಹೇಳುತ್ತೇನೆ, ಇಲ್ಲದಿದ್ದರೆ ನನಗೇ ನಂಬಿಕೆ ಬರುವುದಿಲ್ಲ.

ಆಗಸ್ಟ್ ಎರಡನೇ ವಾರ ಶ್ರೀರಾಂಪುರದ ವೇಣು ಎಂಬ ತರಕಾರಿ ವ್ಯಾಪಾರಿ ಪ್ರದರ್ಶನಕ್ಕೆಂದು ಒಂದು ಫೋಟೋ ತಂದರು. ಯುದ್ಧದಲ್ಲಿ ಸೆರೆಸಿಕ್ಕ ಇಟಲಿ ಸೈನಿಕರನ್ನು ಸಾವಿರಗಟ್ಟಲೆ ತಂದು ನಮ್ಮ ಜಾಲಹಳ್ಳಿಯ ಕಡೆ ಕ್ಯಾಂಪುಗಳಲ್ಲಿ ಇಟ್ಟಿದ್ದರಲ್ಲ, ಅಲ್ಲಿಗೆ ವೇಣುವಿನ ಮುತ್ತಾತ ಮುನಿಗಂಗಪ್ಪ ಎತ್ತಿನ ಗಾಡಿಯಲ್ಲಿ ತರಕಾರಿ ಹಾಕುತ್ತಿದ್ದರಂತೆ. ಫೋಟೋದಲ್ಲಿ ಹತ್ತಿಪ್ಪತ್ತು ಇಟಲಿ ಕೈದಿಗಳು, ತೋಳು ಮಡಚಿಕೊಂಡು. ಪಕ್ಕದಲ್ಲಿ ರುಮಾಲು ಸುತ್ತಿದ ಮುನಿಗಂಗಪ್ಪ, ಕಂಕುಳಲ್ಲಿ ಮಗುವಿನ ಹಾಗೆ ಒಂದು ಎಲೆಕೋಸು. ಮುಂದೆ "ಜಾಲಹಳ್ಳಿ, 1942" ಎಂದು ಬರೆದಿಟ್ಟ ಸ್ಲೇಟು. ನಟ್ಟನಡುವೆ ನಿಂತವರೊಬ್ಬರ ಹಣೆಯ ಮೇಲೆ ಮಾತ್ರ ನಾಮ.

"ಇಟಲ್ಯಾಗೂ ಅಯ್ಯಂಗಾರ್ರು ಅದಾರೇನ್ರಿ ಸರ?" ಎಂದರು ಮಹಾನಂದ.

ನಾನು ನಗಲಿಲ್ಲ. ಅದೇ ಹೊತ್ತಿನಲ್ಲಿ ನೀವು ಕಳಿಸಿದ ಫೋಟೋ, ಸಮವಸ್ತ್ರದ್ದು, ನನ್ನ ಮೇಜಿನ ಮೇಲಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟೆ. ಅತ್ತೆ, ಅದು ತಾತ.

ನಮ್ಮ ತಾತ ಆಫ್ರಿಕಾಕ್ಕೆ ಹೋಗಿರಲಿಲ್ಲ. ಇಟಲಿಗೂ ಹೋಗಿರಲಿಲ್ಲ. ಇಟಲಿಯೇ ಜಾಲಹಳ್ಳಿಗೆ ಬಂದಿತ್ತು. ಊನೋ ದೂಏ ಕಲಿತದ್ದು ಆ ಕ್ಯಾಂಪಿನ ಉಗ್ರಾಣದಲ್ಲಿ ಕೈದಿಗಳಿಗೆ ಆಲೂಗಡ್ಡೆ ಎಣಿಸಿಕೊಡುತ್ತ. ಯಶವಂತಪುರದ ಕೆರೆಯನ್ನೂ ಬಳಸಿಕೊಂಡು ಹೋದ ಮನುಷ್ಯ, ಸಮುದ್ರ ದಾಟಿದ ದೋಷಕ್ಕೆ ತುಟಿಪಿಟಕ್ಕೆನ್ನದೆ ಪಂಚಗವ್ಯ ಕುಡಿದು, ಭುಜ ಸುಡಿಸಿಕೊಂಡು ಒಳಗೆ ಬಂದರು. ಈ ಸುದ್ದಿ ನಿಮಗೆ ಹೇಗೆ ಹೇಳಲಿ? ವೀರನ ಮಗಳೆಂದು ತಲೆಯೆತ್ತಿ ಬದುಕಿದವರು ನೀವು ಎಂದುಕೊಂಡಿದ್ದೆ. ಅದಕ್ಕೇ ರೇಷನ್ ಸಕ್ಕರೆ.

ನಿಮ್ಮ ಕಾಗದ ಬಂದ ಮೇಲೆ ಅದೇ ಫೋಟೋ ಬೇರೆಯಾಗಿ ಕಂಡಿತು. ಸೀದಾ ವೇಣುವಿನ ಸ್ಕೂಟರು ಹತ್ತಿ ಶ್ರೀರಾಂಪುರಕ್ಕೆ ಹೋದೆ. ವೇಣುವಿನ ಅಜ್ಜಿ ಅಣ್ಣಮ್ಮ, ಮುನಿಗಂಗಪ್ಪನವರ ಮಗಳು, ತೊಂಬತ್ತು ದಾಟಿದವರು, ಹೊಸ್ತಿಲಲ್ಲಿ ಕೂತು ಕಾಲವಲ್ಲದ ಕಾಲದ ಅವರೆಕಾಳು ಹಿಸುಕುತ್ತಿದ್ದರು. ಫೋಟೋ ತೋರಿಸಿದೆ.

"ಇವ್ರಾ? ಉಗ್ರಾಣದ್ ಅಯ್ನೋರು. ಶೀನಪ್ನೋರು. ಭಾರಿ ಲೆಕ್ಕ. ಒಂದ್ ಬದ್ನೇಕಾಯಿ ಹುಳುಕಿದ್ರೂ ವಾಪಸ್ ಕೊಡೋರು ನಮ್ಮಪ್ಪಂಗೆ."

"ಅವರು ಆಫ್ರಿಕಾಕ್ಕೆ ಹೋಗಬೇಕಿತ್ತಲ್ಲ ಅಜ್ಜಿ?"

"ಹೂ ಕಣಪ್ಪ. ಎಲ್ಲೋ ರೈಲಲ್ ಕರ್ಕೊಂಡೋಗಿ ಟ್ರೈನಿಂಗ್ ಕೊಟ್ರಂತೆ. ಆಮೇಲೆ 'ನೀ ಬೆಂಗ್ಳೂರ್ನೋನು, ಅಲ್ಲಿಂದು ನಿಂಗೆ ಗೊತ್ತು, ಅಲ್ಗೇ ಹೋಗು' ಅಂತ ವಾಪಸ್ ಇಲ್ಗೇ ಕಳ್ಸುದ್ರಂತೆ."

"ಮನೆಗೆ ಹೋಗಬಹುದಿತ್ತಲ್ಲ."

"ನಮ್ಮಪ್ಪಾನೂ ಅದೇ ಅಂದ. 'ಇಡೀ ಬಸವನಗುಡಿ ಹಾರ ಹಾಕಿ ಕಳ್ಸೈತೆ ಮುನಿಗಂಗಪ್ಪ, ಜಾಲಳ್ಳೀಲಿ ಗೆಡ್ಡೆಕೋಸು ತೂಗ್ತಿದೀನಿ ಅಂತ ಯಾವ್ ಮಖ ಇಟ್ಕಂಡ್ ಹೇಳ್ಲಿ' ಅನ್ನೋರಂತೆ. ಗಂಡಸ್ರು ಕಣಪ್ಪ. ಏನ್ ಹೇಳಾನ."

ಆಮೇಲೆ ನಾನು ಕೇಳದೆಯೇ ಹೇಳಿದರು ಅತ್ತೆ. ಅವರು ಹೇಳಿದ ಹಾಗೇ ಬರೆಯುತ್ತೇನೆ.

"ಅಯ್ನೋರ್ ಹೆಂಡ್ರು ಬರೋರು, ನಮ್ ಗಾಡೀಲೇ. ಮಲ್ಲೇಸ್ವರದಿಂದ. ಬೆಳಗ್ಗೆ ಗುಡೀಗ್ ಹೋಯ್ತೀನಿ ಅಂತ ಮನೆಯಿಂದ ಹೊರಡೋರು, ಗಾಡಿ ಬಂದೇಟ್ಗೆ ಹತ್ಕಳೋರು. ಮಡಿಯೋರಲ್ವಾ, ಮೂಟೆ ತಾಗ್ಬಾರ್ದು ಅಂತ ಬಾಳೆಎಲೆ ಹಾಸ್ಕಂಡು ಕೋಸಿನ ಮಧ್ಯ ಕುಂತ್ಕಳೋರು. ನಾನ್ ಸಣ್ ಹುಡ್ಗಿ, ಪಕ್ಕ ಕುಂತಿರ್ತಿದ್ದೆ. 'ಎಲ್ಲಿಗಮ್ಮಾ' ಅಂದ್ರೆ 'ಆಫ್ರಿಕಾಕ್ಕೆ ಕಣೇ' ಅಂತ ಬಾಯಿಗೆ ಸೆರಗು ಇಟ್ಕಂಡು ನಗೋರು. ನಾನು ಬಾಳ ದಿನ ಜಾಲಳ್ಳಿಗೇ ಆಫ್ರಿಕಾ ಅಂತಾರೆ ಅನ್ಕಂಡಿದ್ದೆ."

"ಯಾವ ವರ್ಷ ಅಜ್ಜಿ ಇದೆಲ್ಲ?"

"ವರ್ಸ ಯಾರ್ ಕಂಡವ್ರೆ. ಇದೇ ಪಟ ತೆಗೆದ್ ವರ್ಸಾನೇ. ಅವತ್ತೂ ಬಂದಿದ್ರು, ಪಟದಲ್ ಕಾಣ್ಬಾರ್ದು ಅಂತ ಗಾಡಿ ಹಿಂದ್ಗಡೆ ನಿಂತಿದ್ರು. ಆಮೇಲ್ ಒಂದಿನ ಬರೋದ್ ನಿಲ್ಸುದ್ರು. ಬಸ್ರಿ ಹೆಂಗ್ಸು, ಗಾಡಿ ಕುಲುಕ್ತದೆ ಅಂತ ನಮ್ಮವ್ವ ಹೇಳ್ತು. ಹೆಣ್ ಕೂಸು ಅಂತ ಅಯ್ನೋರ್ಗೆ ಸುದ್ದಿ ಹೇಳಿದ್ದೂ ನಮ್ಮಪ್ಪಾನೇ. ಉಗ್ರಾಣದ್ ಬಾಗ್ಲಾಕ್ಕಂಡು ಅತ್ಬುಟ್ರಂತೆ. ಆಮೇಲೆ ಹೊರಗ್ ಬಂದು ಆ ಇಟಲಿಯೋರ್ಗೆಲ್ಲಾ ಬೆಲ್ಲ ಹಂಚುದ್ರಂತೆ. ಆಂಡಾಳು ಅಂತ ಎಸ್ರು. ಆ ಬಿಳಿಯೋರ್ ಬಾಯಲ್ಲಿ ಅದ್ ಬರ್ತಾನೇ ಇರ್ಲಿಲ್ವಂತೆ."

ನಿಮ್ಮ ಹೆಸರು ನಾನು ಅವರಿಗೆ ಹೇಳಿರಲಿಲ್ಲ ಅತ್ತೆ. ವೇಣುವಿಗೂ ಗೊತ್ತಿರಲಿಲ್ಲ.

ಸುಬೇದಾರರು ಹೇಳಿದ್ದೂ ನಿಜ, ನಲವತ್ತೆರಡರಲ್ಲಿ ನಮ್ಮಜ್ಜಿ ತಾತನನ್ನು ಕಂಡದ್ದೂ ನಿಜ. ರಜೆ ಇರಲಿಲ್ಲ. ರಜೆ ಬೇಕಾಗಿರಲಿಲ್ಲ.

ನಿಮ್ಮ
ಸಂಕರ್ಷಣ


ಮಲ್ಲೇಶ್ವರ
4 ಸೆಪ್ಟೆಂಬರ್ 2025

ಚಿ. ಸಂಕರ್ಷಣನಿಗೆ ಅನೇಕ ಆಶೀರ್ವಾದಗಳು.

ನಿನ್ನ ಕಾಗದವನ್ನು ಮೊದಲು ನಾನೇ ಓದಿದೆ. ಬೇಕಾದ ಹಾಗೆ ಓದಿಕೊಂಡೆನೇನೋ ಎಂದು ಮೈತ್ರೇಯಿಯ ಕೈಲಿ ಇನ್ನೊಮ್ಮೆ ಜೋರಾಗಿ ಓದಿಸಿದೆ. ಅಕ್ಕಪಕ್ಕದವರಿಗೂ ಕೇಳಿಸಿರಬೇಕು, ಕೇಳಿಸಲಿ. ಆಮೇಲೆ ಎದ್ದುಹೋಗಿ ಅಪ್ಪನ ಫೋಟೋವನ್ನು ಗೋಡೆಯ ಕಡೆ ತಿರುಗಿಸಿ ಇಟ್ಟೆ.

ಸಂತೋಷಪಡುತ್ತೇನೆ ಅಂದುಕೊಂಡೆಯಾ? ಮೊದಲು ಬಂದದ್ದು ಸಿಟ್ಟು. ಫಿರಂಗಿಗೆ ಹೆದರಿದ್ದರೆ ಅರ್ಥವಾಗುತ್ತಿತ್ತು. ಫಿರಂಗಿಗೆ ಯಾರು ಹೆದರುವುದಿಲ್ಲ? ಈ ಮನುಷ್ಯ ಹೂವಿನ ಹಾರಕ್ಕೆ ಹೆದರಿದರು. ಸರಿ, ಹೆದರಿದರು. ವಾಪಸು ಬಂದ ಮೇಲಾದರೂ ಬಾಯಿ ಬಿಡಬಹುದಿತ್ತಲ್ಲ. ಅಮ್ಮ ಇಡೀ ಬೀದಿಯ ಬಾಯಿಗೆ ಬಿದ್ದಿದ್ದಾಗ ಇವರು ಜಗುಲಿಯಲ್ಲಿ ಕೂತು ಹುಡುಗರಿಗೆ ಮರಳುಗಾಡಿನ ಕಥೆ ಹೇಳುತ್ತಿದ್ದರು. "ಅಕ್ಕಾ, ಬೆರಳು ಇಳಿಸು, ನಾನು ಜಾಲಹಳ್ಳಿಯಲ್ಲಿದ್ದೆ" ಎಂದು ಒಂದು ಮಾತು. ಅಷ್ಟೇ ಬೇಕಿದ್ದದ್ದು. ಅದನ್ನು ಹೇಳುವುದಕ್ಕಿಂತ ಸಗಣಿ ನೀರು ಕುಡಿಯುವುದೇ ಸುಲಭ ಅನ್ನಿಸಿತಲ್ಲ ಅವರಿಗೆ.

ಅಮ್ಮನ ಮೇಲೂ ಸಿಟ್ಟು. ಗಂಡನ ಮರ್ಯಾದೆ ಕಾಯುವುದಕ್ಕೆ ತನ್ನದನ್ನು ಕೊಟ್ಟಳು, ಸರಿ, ಅದು ಅವಳದು. ಕೊಡುವಾಗ ನನ್ನದನ್ನೂ ಸೇರಿಸಿಯೇ ಕೊಟ್ಟಳು. ಆದರೆ ಕೋಸಿನ ಮೂಟೆಗಳ ಮಧ್ಯೆ ಬಾಳೆಎಲೆಯ ಮೇಲೆ ಕೂತು ಗಂಡನನ್ನು ನೋಡಲು ಹೋದವಳ ಮೇಲೆ ಎಷ್ಟು ಹೊತ್ತು ಸಿಟ್ಟು ಮಾಡಲಿ? ನಾನು ಕಂಡ ಅಮ್ಮ ಬಾಗಿಲಿಗೆ ಬಂದ ತರಕಾರಿಯವನ ಹತ್ತಿರವೂ ತಲೆ ತಗ್ಗಿಸಿ ಮಾತಾಡುತ್ತಿದ್ದವಳು. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳಂತೆ. ಅದನ್ನು ಓದಿ ನನಗೆ ಆದಷ್ಟು ಆಶ್ಚರ್ಯ ಜಾಲಹಳ್ಳಿಯ ಸುದ್ದಿಗೂ ಆಗಲಿಲ್ಲ.

ಮೊನ್ನೆ ಮೈತ್ರೇಯಿಯನ್ನು ಕರೆದುಕೊಂಡು ಆಟೋ ಮಾಡಿಸಿಕೊಂಡು ಶ್ರೀರಾಂಪುರಕ್ಕೆ ಹೋಗಿಬಂದೆ. ಎರಡು ಮಹಡಿ ಇಳಿದದ್ದು, ಹತ್ತಿದ್ದು, ಎರಡೂ ನನಗೆ ಗೊತ್ತಾಗಲಿಲ್ಲ. ಅಣ್ಣಮ್ಮನಿಗೆ ಕಣ್ಣು ಮಂಜು, ನನಗೆ ಕಿವಿ ಮಂದ. ಮೈತ್ರೇಯಿ ನಡುವೆ ಕೂತು ಅವರ ಮಾತು ನನ್ನ ಕಿವಿಗೆ ಕೂಗಿದಳು. ನಾನು ಯಾರೆಂದು ಹೇಳಲು ಬಿಡಲಿಲ್ಲ ಅವರು. ಗದ್ದ ಹಿಡಿದು ಬಿಸಿಲಿನ ಕಡೆ ತಿರುಗಿಸಿದರು.

"ಮೂಗು ಅಯ್ನೋರ್ದೇ, ಬಿಡವ್ವ," ಎಂದರು.

ಅದನ್ನು ಮಾತ್ರ ಮೈತ್ರೇಯಿ ಕೂಗಬೇಕಾಗಲಿಲ್ಲ. ಕೇಳಿಸಿತು.

ನೋಡು, ಎಂಬತ್ತೆರಡು ವರ್ಷ ಈ ಮೂಗು ನನ್ನ ಮುಖದ ಮೇಲೇ ಇತ್ತು. ಬಸವನಗುಡಿಯಲ್ಲಿ ಯಾರೂ ಅದನ್ನು ನೋಡಲಿಲ್ಲ. ಅವರ ಹೊಸ್ತಿಲಲ್ಲಿ ಕೂತು ಅತ್ತುಬಿಟ್ಟೆ, ಅಪ್ಪ ಹೋದ ದಿನ ಬಾಕಿಯಿದ್ದದ್ದನ್ನು. ಅಣ್ಣಮ್ಮ ಸುಮ್ಮನಿರಿಸಲೂ ಇಲ್ಲ, ಏನು ಎತ್ತ ಎಂದು ಕೇಳಲೂ ಇಲ್ಲ. ಅವರೆಕಾಯಿಯ ಮೊರ ನನ್ನ ಕಡೆ ತಳ್ಳಿದರು. ಇಬ್ಬರೂ ಸುಲಿದೆವು.

ಮನೆಗೆ ಬಂದು ಫೋಟೋವನ್ನು ಈ ಕಡೆ ತಿರುಗಿಸಿದೆ. ಇನ್ನೂ ಪೂರ್ತಿ ಕ್ಷಮಿಸಿಲ್ಲ. ಹಬ್ಬ ಹೋಗಿ ಹಬ್ಬ ಬರುವಷ್ಟರಲ್ಲಿ ನೋಡೋಣ.

ಈಗ ಕೆಲಸದ ಮಾತು. ರೇಷನ್ ಸಕ್ಕರೆ ತೆಗೆದುಹಾಕು. ಆ ಮೂಲೆ ನಮ್ಮಪ್ಪನದೇ. ಸಮವಸ್ತ್ರದ ಫೋಟೋ ಬೇಡ, ವೇಣು ತಂದದ್ದನ್ನೇ ದೊಡ್ಡದು ಮಾಡಿಸಿ ಹಾಕು. ಮುನಿಗಂಗಪ್ಪನ ಹೆಸರು ಅಪ್ಪನ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿರಲಿ. ಕೆಳಗೆ "ಗಾಡಿಯ ಹಿಂದೆ, ಫೋಟೋದಲ್ಲಿ ಕಾಣದೆ ನಿಂತವರು ವೇದವಲ್ಲಿ" ಎಂದು ಬರೆಸು. ಅದು ಅಮ್ಮ. ಬಸವನಗುಡಿಯಲ್ಲಿ ಅಲಮೇಲುವಿನ ಮಕ್ಕಳು ಮೊಮ್ಮಕ್ಕಳು ಯಾರ್‍ಯಾರು ಇದ್ದಾರೋ ಎಲ್ಲರನ್ನೂ ಕರೆ. ಅಣ್ಣಮ್ಮನನ್ನು ಕರೆತರಲು ನಾನೇ ಹೋಗುತ್ತೇನೆ, ದೀಪ ಇಬ್ಬರೂ ಸೇರಿ ಹಚ್ಚುತ್ತೇವೆ. ಆಮೇಲೆ ಮೈಕು ನನ್ನ ಕೈಗೆ ಕೊಡು. ಭಾಷಣ ಬರೆದುಕೊಡುತ್ತೇನೆ ಎಂದು ನೀನು ಹೊರಡಬೇಡ, ನಿನ್ನದು ಮೂರು ಪುಟ ಆಗುತ್ತದೆ. ನನ್ನದು ಒಂದೇ ವಾಕ್ಯ. ನಮ್ಮಪ್ಪ ಯುದ್ಧಕ್ಕೆ ಹೋಗಿರಲಿಲ್ಲ ಎಂದು ನಾನೇ ಎಲ್ಲರ ಮುಂದೆ ಹೇಳುತ್ತೇನೆ. ಇಷ್ಟು ಹೆಮ್ಮೆಯಿಂದ ಆ ಮಾತನ್ನು ಬೇರೆ ಯಾರೂ ಹೇಳಿರಲಿಕ್ಕಿಲ್ಲ.

ಇತಿ,
ಶೀನಣ್ಣನ ಮಗಳು
ಆಂಡಾಳ್